ಒಂದೇ ಹಾಡು, ಎರಡು ಸಂಜೆ

ಶಿವಮೊಗ್ಗದಿಂದ ಶಿಕಾರಿಪುರದ ಕಡೆ ಹೋಗೋ ಬಸ್ಸು ಹತ್ತಿದರೆ ದಾರಿಯಲ್ಲಿ ಸವಳಂಗ ಸಿಗುತ್ತೆ. ಆ ಊರಲ್ಲಿ ಸೂರ್ಯ ನೆತ್ತಿಗೆ ಬರೋದು ಗಡಿಯಾರ 12 ಹೊಡೆದು ಹತ್ತಿರ ಹತ್ತಿರ ಅರ್ಧ ಗಂಟೆ ಆದ ಮೇಲೆ. ಲೆಕ್ಕ ಕಷ್ಟದ್ದೇನಲ್ಲ. ಭಾರತದ ಗಡಿಯಾರ ನಿಂತಿರೋದು 82.5 ಡಿಗ್ರಿ ರೇಖಾಂಶದ ಮೇಲೆ, ಸವಳಂಗ ಇರೋದು ಸುಮಾರು 75.5ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 28 ನಿಮಿಷ. ಗುವಾಹಟಿಯಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಮೊದಲೇ ನೆತ್ತಿಗೆ ಬಂದಿರುತ್ತಾನೆ. ಆದರೂ ರಾತ್ರಿ 9 ಗಂಟೆಯ ವಾರ್ತೆ ಸವಳಂಗಕ್ಕೂ 9ಕ್ಕೇ, ಗುವಾಹಟಿಗೂ 9ಕ್ಕೇ. ಮುಂಬೈ, ಕಲ್ಕತ್ತಾಗಳು ಸ್ವಾತಂತ್ರ್ಯದ ಆಸುಪಾಸಿನವರೆಗೂ ತಮ್ಮದೇ ಟೈಮು ಇಟ್ಟುಕೊಂಡಿದ್ದವು ಅನ್ನೋದು ಬಿಟ್ಟರೆ, ಇಡೀ ದೇಶಕ್ಕೆ ಒಂದೇ ಗಡಿಯಾರ ಅನ್ನೋದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಹಾಗಿಲ್ಲದ ದೇಶದಲ್ಲಿ ರೇಡಿಯೋದವರು ಏನು ಮಾಡುತ್ತಿದ್ದರು ಅಂತ ನಾವು ಯೋಚಿಸೋದೇ ಇಲ್ಲ.

ಅಮೆರಿಕದಲ್ಲಿ ಏನು ಮಾಡುತ್ತಿದ್ದರು ಅಂದರೆ, ಒಂದೇ ಕಾರ್ಯಕ್ರಮವನ್ನ ಒಂದೇ ರಾತ್ರಿ ಎರಡು ಸಲ ಮಾಡುತ್ತಿದ್ದರು. ಅದೇ ಹಾಡು, ಅದೇ ಜೋಕು, ಅದೇ ಜಾಹೀರಾತು, ಮೂರು ಗಂಟೆ ಬಿಟ್ಟು ಮತ್ತೊಮ್ಮೆ. ಇದು ಸಾಕು ಅಂತ ಒಬ್ಬ ಹಾಡುಗಾರನಿಗೆ ಅನ್ನಿಸಿತು. ಅವನ ಆ ಬೇಸರದಿಂದ ಏನೇನೆಲ್ಲ ಹುಟ್ಟಿಕೊಂಡಿತು ಅನ್ನೋದೇ ಈ ಸಲದ ನಮ್ಮ ವ್ಯಕ್ತಿಪರಿಚಯ. ಹೆಸರು ಬಿಂಗ್ ಕ್ರಾಸ್ಬಿ. ಡಿಸೆಂಬರ್‌ನಲ್ಲಿ ಯಾವುದೇ ಮಾಲ್‌ಗೆ ಹೋದರೂ ಕೇಳಿಸೋ 'ವೈಟ್ ಕ್ರಿಸ್‌ಮಸ್' ಹಾಡಿನ ದನಿ ಅವನದೇ.

ಕ್ರಾಸ್ಬಿ ಹುಟ್ಟಿದ್ದು 1903ರ ಮೇ 3ರಂದು, ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ. ಬೆಳೆದದ್ದು ಅದೇ ರಾಜ್ಯದ ಸ್ಪೋಕೇನ್ ಊರಲ್ಲಿ. ಹ್ಯಾರಿ ಲಿಲಿಸ್ ಅನ್ನೋದು ನಿಜವಾದ ಹೆಸರು. ಹುಡುಗನಾಗಿದ್ದಾಗ ಪತ್ರಿಕೆಯ ಒಂದು ಹಾಸ್ಯಪುಟ ಅಂದರೆ ಪ್ರಾಣ, ಆ ಪುಟದ ಹೆಸರಿನಿಂದಲೇ 'ಬಿಂಗ್' ಅಂಟಿಕೊಂಡಿತು. ಗೊಂಜಾಗಾ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದವನು ಅಂಚೆಯಲ್ಲಿ ಡ್ರಮ್ ಸೆಟ್ ತರಿಸಿಕೊಂಡು ಬ್ಯಾಂಡ್ ಸೇರಿದ, ಓದು ಅರ್ಧಕ್ಕೆ ಬಿಟ್ಟ. 1925ರಲ್ಲಿ ಗೆಳೆಯ ಆಲ್ ರಿಂಕರ್ ಜೊತೆ ಒಂದು ಹಳೇ ಫೋರ್ಡ್ ಕಾರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟ. ಮುಂದಿನ ವರ್ಷವೇ ಆ ಕಾಲದ ದೊಡ್ಡ ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್ ಇಬ್ಬರನ್ನೂ ಕೆಲಸಕ್ಕೆ ತೆಗೆದುಕೊಂಡ. ಕಾಲೇಜು ಬಿಟ್ಟವರ ಕಥೆ ಅಂತ ಇದನ್ನ ಹಾಸ್ಟೆಲಿನಲ್ಲಿ ಯಾರೂ ಉದಾಹರಣೆಯಾಗಿ ಬಳಸಬೇಡಿ. ಅವನಿಗಿದ್ದ ಗಂಟಲು ನಮಗೆ ಯಾರಿಗೂ ಇಲ್ಲ.

ಗಂಟಲಿನಷ್ಟೇ ಮುಖ್ಯವಾದದ್ದು ಅವನು ಬಂದ ಕಾಲ. 1925ರ ಹೊತ್ತಿಗೆ ಧ್ವನಿಮುದ್ರಣಕ್ಕೆ ಮೈಕ್ರೊಫೋನು, ಆಂಪ್ಲಿಫೈಯರು ಬಂದಿದ್ದವು. ಅದಕ್ಕೂ ಮುಂಚೆ ಹಾಡುಗಾರರು ದೊಡ್ಡ ಕೊಳವೆಯ ಮುಂದೆ ನಿಂತು ಕಿರುಚಬೇಕಿತ್ತು, ವೇದಿಕೆಯ ಮೇಲೂ ಕೊನೇ ಸಾಲಿನವರಿಗೆ ಕೇಳಿಸೋ ಹಾಗೆ ದನಿ ಎತ್ತಬೇಕಿತ್ತು. ಕ್ರಾಸ್ಬಿ ಮೈಕಿಗೆ ಹತ್ತಿರ ಬಂದು, ಪಕ್ಕದಲ್ಲಿ ಕೂತವರ ಜೊತೆ ಮಾತಾಡೋ ಹಾಗೆ ಹಾಡಿದ. ರೇಡಿಯೋ ಕೇಳೋರು ಕೂತಿರೋದು ಸಭಾಂಗಣದಲ್ಲಲ್ಲ, ತಮ್ಮ ಮನೆಯ ನಡುಕೋಣೆಯಲ್ಲಿ ಅನ್ನೋದು ಅವನಿಗೆ ಬೇಗ ಹೊಳೆದಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ಜಾಲದಲ್ಲಿ ಹದಿನೈದು ನಿಮಿಷದ ಕಾರ್ಯಕ್ರಮ ಶುರುವಾಯಿತು. 1936ರ ಜನವರಿಯಿಂದ ಎನ್‌ಬಿಸಿಯಲ್ಲಿ 'ಕ್ರಾಫ್ಟ್ ಮ್ಯೂಸಿಕ್ ಹಾಲ್', ಚೀಸ್ ಕಂಪನಿಯೊಂದರ ದುಡ್ಡಿನಲ್ಲಿ ಪ್ರತಿ ಗುರುವಾರ ರಾತ್ರಿ. ಇದಕ್ಕೆ ನಾಲ್ಕು ತಿಂಗಳ ಹಿಂದೆ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಆಕಾಶವಾಣಿ ಶುರು ಮಾಡಿದ್ದರು. ಅವರಿಗೆ ಒಂದು ಊರಿಗೆ ಕೇಳಿಸಿದರೆ ಸಾಕಿತ್ತು. ಕ್ರಾಸ್ಬಿಯ ಕಂಪನಿಗೆ ಒಂದು ಖಂಡಕ್ಕೇ ಕೇಳಿಸಬೇಕಿತ್ತು.

ಆ ಖಂಡದ ಗಡಿಯಾರಗಳ ಕಥೆ ಇಷ್ಟು. 1883ರವರೆಗೆ ಅಮೆರಿಕದ ಊರೂರಿಗೂ ಬೇರೆ ಬೇರೆ ಟೈಮು. ರೈಲು ವೇಳಾಪಟ್ಟಿ ಮಾಡೋರಿಗೆ ತಲೆ ಕೆಟ್ಟು, ಆ ವರ್ಷದ ನವೆಂಬರ್ 18ರಂದು ರೈಲ್ವೆ ಕಂಪನಿಗಳೇ ಸೇರಿ ಕಾಲವಲಯಗಳನ್ನ ಮಾಡಿಕೊಂಡವು. ಸರ್ಕಾರದ ಕಾನೂನು ಬಂದದ್ದು 1918ರಲ್ಲಿ. ನ್ಯೂಯಾರ್ಕಿಗೂ ಲಾಸ್ ಏಂಜಲೀಸ್‌ಗೂ ಮೂರು ಗಂಟೆಯ ಅಂತರ. ಎನ್‌ಬಿಸಿ 1926ರಲ್ಲಿ, ಸಿಬಿಎಸ್ 1927ರಲ್ಲಿ ಹುಟ್ಟಿದವು. ಟೆಲಿಫೋನ್ ಕಂಪನಿಯ ತಂತಿಗಳನ್ನ ಬಾಡಿಗೆಗೆ ಹಿಡಿದು, ದಾರಿಯುದ್ದಕ್ಕೂ ಆಂಪ್ಲಿಫೈಯರ್ ಕೂರಿಸಿ, ಒಂದು ಸ್ಟುಡಿಯೋದ ದನಿಯನ್ನ ದೇಶದ ತುಂಬ ಇರೋ ಸ್ಟೇಷನ್‌ಗಳಿಗೆ ಕಳಿಸುತ್ತಿದ್ದವು. ದೂರದ ಸಮಸ್ಯೆ ಹೀಗೆ ಬಗೆಹರಿಯಿತು. ಹೊತ್ತಿನ ಸಮಸ್ಯೆ ಮಾತ್ರ ಹಾಗೇ ಉಳಿಯಿತು.

ನೀವೇ ನೋಡಿ. ನ್ಯೂಯಾರ್ಕಿನಲ್ಲಿ ರಾತ್ರಿ 9, ಊಟ ಮುಗಿಸಿ ಮನೆಮಂದಿಯೆಲ್ಲ ರೇಡಿಯೋ ಮುಂದೆ. ಅದೇ ಕ್ಷಣ ಲಾಸ್ ಏಂಜಲೀಸ್‌ನಲ್ಲಿ ಸಂಜೆ 6, ಗಂಡಸರು ಕೆಲಸದಿಂದ ಇನ್ನೂ ದಾರಿಯಲ್ಲಿ, ಹೆಂಗಸರು ಅಡುಗೆಮನೆಯಲ್ಲಿ. ಚೀಸ್ ಮಾರೋನಿಗೆ ಇಬ್ಬರೂ ಬೇಕು. ಕೆಲವು ಕಾರ್ಯಕ್ರಮಗಳನ್ನ ಪಶ್ಚಿಮದವರು ಸಂಜೆ ಬೆಳಕಿರುವಾಗಲೇ ಕೇಳಿ ಸುಮ್ಮನಾಗಬೇಕಿತ್ತು. ದೊಡ್ಡ ಪ್ರಾಯೋಜಕರಿದ್ದರೆ ಎರಡನೇ ಆಟ. ಹಾಲಿವುಡ್ ಸ್ಟುಡಿಯೋದಲ್ಲಿ 6 ಗಂಟೆಗೆ ಪೂರ್ವದವರಿಗೆ ಒಂದು ಸಲ. 9ಕ್ಕೆ ಇಡೀ ವಾದ್ಯವೃಂದ, ನಿರೂಪಕ, ಬಾಗಿಲು ಕಿರುಗುಟ್ಟಿಸೋ ಸೌಂಡ್ ಎಫೆಕ್ಟ್ಸ್ ಆಸಾಮಿ ಸಮೇತ ಪಶ್ಚಿಮದವರಿಗೆ ಇನ್ನೊಂದು ಸಲ. ಆರಕ್ಕೆ ಬಂದ ನಗು ಒಂಬತ್ತಕ್ಕೂ ಬಂದೇ ಬರುತ್ತೆ ಅಂತ ಇರಲಿಲ್ಲ. ನಮ್ಮ ಹಳ್ಳಿಗಳ ಕಂಪನಿ ನಾಟಕದವರು ಒಂದೇ ದಿನ ಎರಡು ಆಟ ಕೊಟ್ಟ ಹಾಗೇ ಇದೂ. ಆದರೆ ನಾಟಕದವರಿಗೆ ಎದುರಿಗೆ ಜನ ಕಾಣುತ್ತಿದ್ದರು. ಇಲ್ಲಿ ಗಡಿಯಾರಕ್ಕೋಸ್ಕರ ಆಟ.

ರೆಕಾರ್ಡ್ ಮಾಡಿಟ್ಟು ಆಮೇಲೆ ಹಾಕಬಹುದಿತ್ತಲ್ವಾ? ಇದಕ್ಕೆ ಎರಡು ಉತ್ತರ ಇದೆ, ಒಂದು ಎಂಜಿನಿಯರಿಂಗ್, ಇನ್ನೊಂದು ವ್ಯವಹಾರ. ಆಗ ಇದ್ದದ್ದು 16 ಇಂಚು ಅಗಲದ ಟ್ರಾನ್ಸ್‌ಕ್ರಿಪ್ಷನ್ ಡಿಸ್ಕ್, ಒಂದು ಬದಿಗೆ ಹದಿನೈದು ನಿಮಿಷ. ಸೂಜಿ ಕೆರೆಯೋ ಸದ್ದು ಜೊತೆಗೇ ಬರುತ್ತಿತ್ತು. ತಪ್ಪಾದ ಮಾತನ್ನ ಅದರಿಂದ ಕತ್ತರಿಸೋಕೆ ಆಗಲ್ಲ. ಒಂದು ಡಿಸ್ಕ್ ಓಡಿಸುತ್ತಾ ಬೇಕಾದ ಭಾಗವನ್ನ ಇನ್ನೊಂದಕ್ಕೆ ನಕಲು ಮಾಡಬೇಕು, ನಕಲಿನ ನಕಲು ಮಾಡಿದ ಹಾಗೆಲ್ಲ ಸದ್ದು ಹೆಚ್ಚಾಗುತ್ತೆ. ವ್ಯವಹಾರದ ಕಾರಣ ಇನ್ನೂ ಗಟ್ಟಿ. ಒಳ್ಳೇ ಕಾರ್ಯಕ್ರಮ ಡಿಸ್ಕಿನಲ್ಲಿ ಅಂಚೆಯಲ್ಲಿ ಬರೋ ಹಾಗಾದರೆ ಊರಿನ ಸ್ಟೇಷನ್‌ಗೆ ಎನ್‌ಬಿಸಿಯ ತಂತಿ ಯಾಕೆ ಬೇಕು? ಅದಕ್ಕೇ ದೊಡ್ಡ ಜಾಲಗಳು ರೆಕಾರ್ಡಿಂಗನ್ನ ಹತ್ತಿರ ಸೇರಿಸುತ್ತಿರಲಿಲ್ಲ. 1937ರ ಮೇ ತಿಂಗಳಲ್ಲಿ ಹಿಂಡನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗ ಹರ್ಬರ್ಟ್ ಮಾರಿಸನ್ ಡಿಸ್ಕಿನ ಮೇಲೆ ಮುದ್ರಿಸಿಕೊಂಡ ವರದಿಯನ್ನ ಎನ್‌ಬಿಸಿ ಹಾಕಿದ್ದು ಅಪರೂಪದ ರಿಯಾಯಿತಿ.

ಅತ್ತ ಇಂಗ್ಲೆಂಡಿನಲ್ಲಿ ಬಿಬಿಸಿಗೆ ಈ ಅಳುಕು ಇರಲಿಲ್ಲ, ಅದಕ್ಕೆ ಸ್ಪರ್ಧಿಯೇ ಇರಲಿಲ್ಲವಲ್ಲ. 1932ರ ಡಿಸೆಂಬರ್ 19ರಂದು ಶುರುವಾದ ಎಂಪೈರ್ ಸರ್ವಿಸ್ ಭೂಮಿಯನ್ನ ಐದು ವಲಯ ಮಾಡಿ, ಒಂದೊಂದಕ್ಕೂ ಅಲ್ಲಲ್ಲಿನ ಸಂಜೆ ನೋಡಿಕೊಂಡು ಶಾರ್ಟ್‌ವೇವ್‌ನಲ್ಲಿ ಕಾರ್ಯಕ್ರಮ ಕಳಿಸಿತು. ಐದರಲ್ಲಿ ಒಂದು ಭಾರತದ ವಲಯ. ಒಂದನ್ನೇ ಮತ್ತೆ ಹಾಕೋಕೆ ಅವರು ಬಳಸಿದ್ದು ಉಕ್ಕಿನ ಪಟ್ಟಿಯ ಮೇಲೆ ದನಿ ಮುದ್ರಿಸೋ ಬ್ಲಾಟ್ನರ್‌ಫೋನ್ ಯಂತ್ರ. ಪಟ್ಟಿ ತುಂಡಾದರೆ ಬೆಸುಗೆ ಹಾಕಬೇಕು. ಓಡುವಾಗ ಬಿಚ್ಚಿಕೊಂಡರೆ ಹತ್ತಿರ ನಿಂತವರ ಗತಿ ಅಷ್ಟೇ. ಮೆಕ್ಯಾನಿಕಲ್‌ನವರು ಊಹಿಸಿಕೊಳ್ಳಿ.

ಮತ್ತೆ ಕ್ರಾಸ್ಬಿಗೆ ಬರೋಣ. ಹತ್ತು ವರ್ಷ ಅವನು ಗುರುವಾರಗಳಿಗೆ ಕಟ್ಟುಬಿದ್ದ. 1941ರ ಕ್ರಿಸ್‌ಮಸ್ ದಿನ 'ವೈಟ್ ಕ್ರಿಸ್‌ಮಸ್' ಮೊದಲು ಕೇಳಿಸಿದ್ದು ಇದೇ ಕಾರ್ಯಕ್ರಮದಲ್ಲಿ. 1944ರ 'ಗೋಯಿಂಗ್ ಮೈ ವೇ' ಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಸಿನಿಮಾ, ರೆಕಾರ್ಡು, ಕುದುರೆ ರೇಸು, ಎಲ್ಲಕ್ಕಿಂತ ಹೆಚ್ಚಾಗಿ ಗಾಲ್ಫು. 1937ರಲ್ಲಿ ಅವನು ತನ್ನದೇ ಗಾಲ್ಫ್ ಪಂದ್ಯ ಶುರು ಮಾಡಿದ್ದ; ಅದು ಬೇರೆ ಹೆಸರಲ್ಲಿ ಇವತ್ತಿಗೂ ಪೆಬಲ್ ಬೀಚ್‌ನಲ್ಲಿ ನಡೆಯುತ್ತೆ. ಇಂಥವನಿಗೆ ವಾರಕ್ಕೊಂದು ದಿನ, ಒಂದೇ ಜಾಗದಲ್ಲಿ, ನಿಮಿಷಕ್ಕೆ ಸರಿಯಾಗಿ ಮೈಕಿನ ಮುಂದೆ ಇರಲೇಬೇಕು ಅನ್ನೋದು ಉಸಿರುಗಟ್ಟಿಸಿತು. ಯುದ್ಧದ ವರ್ಷಗಳಲ್ಲಿ ಸೈನಿಕರಿಗಾಗಿ ಮಾಡಿದ ಕಾರ್ಯಕ್ರಮಗಳನ್ನ ಡಿಸ್ಕಿಗೆ ಹಾಕಿ ಹಡಗು, ವಿಮಾನದಲ್ಲಿ ಲೋಕದ ಮೂಲೆಮೂಲೆಗೆ ಕಳಿಸುತ್ತಿದ್ದರು. ಕ್ರಾಸ್ಬಿ ಅವುಗಳಲ್ಲೂ ಹಾಡಿದ್ದ. ದೂರದ ದ್ವೀಪದಲ್ಲಿ ಕೂತ ಸೈನಿಕರು ಇದು ಲೈವ್ ಅಲ್ಲ ಅಂತ ದೂರು ಹೇಳಲಿಲ್ಲ.

1945ರಲ್ಲಿ ಅವನು ಕಾರ್ಯಕ್ರಮವನ್ನ ರೆಕಾರ್ಡ್ ಮಾಡಿ ಕೊಡುತ್ತೀನಿ ಅಂದ. ಎನ್‌ಬಿಸಿ, ಕ್ರಾಫ್ಟ್ ಇಬ್ಬರೂ ಒಪ್ಪಲಿಲ್ಲ. ಆ ಶರತ್ಕಾಲದಲ್ಲಿ ಅವನು ಸ್ಟುಡಿಯೋಗೆ ಹೋಗಲೇ ಇಲ್ಲ. ಕೋರ್ಟಿಗೆ ಹೋಯಿತು, ರಾಜಿಯಾಯಿತು, 1946ರ ಮೇ ತನಕ ಹಾಡಿ ಲೆಕ್ಕ ಚುಕ್ತಾ ಮಾಡಿದ. ಎಬಿಸಿ ಅನ್ನೋದು ಆಗ ಹೊಸ ಜಾಲ, ಎನ್‌ಬಿಸಿಯಿಂದಲೇ ಒಡೆದು ಬಂದದ್ದು, ದೊಡ್ಡ ಹೆಸರಿಗಾಗಿ ಹಸಿದಿತ್ತು. ಫಿಲ್ಕೋ ರೇಡಿಯೋ ಕಂಪನಿ ದುಡ್ಡು ಹಾಕಿತು. ಷರತ್ತು ಒಂದೇ: ಕೇಳುಗರ ರೇಟಿಂಗ್ ಇಂತಿಷ್ಟಕ್ಕಿಂತ ಕೆಳಗಿಳಿದರೆ ವಾಪಸ್ ಲೈವ್‌ಗೆ ಬರಬೇಕು. 1946ರ ಅಕ್ಟೋಬರ್ 16ರಂದು, ಬಾಬ್ ಹೋಪ್ ಅತಿಥಿಯಾಗಿ, ಡಿಸ್ಕಿನ ಮೇಲೆ ಮುದ್ರಿಸಿದ 'ಫಿಲ್ಕೋ ರೇಡಿಯೋ ಟೈಮ್' ಶುರುವಾಯಿತು.

ಮೊದಲ ವಾರ ಜನ ಮುಗಿಬಿದ್ದು ಕೇಳಿದರು, ಆಮೇಲೆ ರೇಟಿಂಗ್ ಜಾರತೊಡಗಿತು. ಡಿಸ್ಕಿನಿಂದ ಡಿಸ್ಕಿಗೆ ನಕಲಾಗಿ ಬಂದ ದನಿ ಮಂಕಾಗಿತ್ತು. ಮೈಕಿಗೆ ಹತ್ತಿರ ಬಂದು ಹಾಡೋದರಲ್ಲೇ ಹೆಸರು ಮಾಡಿದವನಿಗೆ ಇದಕ್ಕಿಂತ ದೊಡ್ಡ ಏಟು ಇನ್ನೇನು! ಲೈವ್‌ಗೇ ವಾಪಸ್ ಹೋಗಬೇಕಾದ ದಿನ ಹತ್ತಿರ ಬಂದ ಹಾಗೆ ಕಾಣುತ್ತಿತ್ತು.

ಇಲ್ಲಿ ಕಥೆಯೊಳಗೆ ನಮ್ಮ ಜಾತಿಯವನೊಬ್ಬ ಬರುತ್ತಾನೆ, ಎಂಜಿನಿಯರು. ಜಾಕ್ ಮಲ್ಲಿನ್ ಯುದ್ಧದ ಸಮಯದಲ್ಲಿ ಅಮೆರಿಕ ಸೈನ್ಯದ ಸಿಗ್ನಲ್ ಕೋರ್‌ನಲ್ಲಿ ಇದ್ದವನು. 1944ರಲ್ಲಿ ಇಂಗ್ಲೆಂಡಿನಲ್ಲಿ ರಾತ್ರಿಯೆಲ್ಲ ಕೆಲಸ ಮಾಡುವಾಗ ಜರ್ಮನ್ ರೇಡಿಯೋದಲ್ಲಿ ಪೂರ್ತಿ ಆರ್ಕೆಸ್ಟ್ರಾ ಕೇಳಿಸುತ್ತಿತ್ತು. ಡಿಸ್ಕಿನ ಕೆರೆತ ಇಲ್ಲ. ಲೈವ್ ಅನ್ನೋಣ ಅಂದರೆ ನಡುರಾತ್ರಿ ಕಳೆದು ಎರಡು ಗಂಟೆಗೆ ಯಾವ ವಾದ್ಯವೃಂದ ನುಡಿಸುತ್ತೆ? ಮರುವರ್ಷ ಯುದ್ಧ ಮುಗಿದ ಮೇಲೆ ಫ್ರಾಂಕ್‌ಫರ್ಟ್ ಹತ್ತಿರದ ಬಾಟ್ ನೌಹೈಮ್‌ನ ರೇಡಿಯೋ ಕೇಂದ್ರದಲ್ಲಿ ಉತ್ತರ ಸಿಕ್ಕಿತು: ಎಇಜಿ ಕಂಪನಿಯ ಮ್ಯಾಗ್ನೆಟೊಫೋನ್, ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಆಕ್ಸೈಡ್ ಬಳಿದ ಟೇಪು. ಅವನು ಎರಡು ಯಂತ್ರ ಬಿಚ್ಚಿ, ತುಂಡು ತುಂಡಾಗಿ ಅಂಚೆಯಲ್ಲಿ ಮನೆಗೆ ಕಳಿಸಿದ, ಜೊತೆಗೆ 50 ಖಾಲಿ ರೀಲು.

ಗುಟ್ಟು ಟೇಪಿನಲ್ಲಿ ಅರ್ಧ, ಸರ್ಕಿಟ್ಟಿನಲ್ಲಿ ಅರ್ಧ. ಲ್ಯಾಬಿನಲ್ಲಿ ಬಿ-ಎಚ್ ಕರ್ವ್ ಬಿಡಿಸಿದವರಿಗೆ ಗೊತ್ತು, ಸೊನ್ನೆಯ ಹತ್ತಿರ ಆ ಗೆರೆ ನೆಟ್ಟಗಿರಲ್ಲ. ಮೆಲ್ಲನೆಯ ದನಿಯನ್ನ ನೇರವಾಗಿ ಮುದ್ರಿಸಿದರೆ ಅದು ಆ ಸೊಟ್ಟ ಭಾಗದಲ್ಲಿ ಬಿದ್ದು ಹಾಳಾಗುತ್ತೆ. 1940ರಲ್ಲಿ ಜರ್ಮನ್ ರೇಡಿಯೋದ ವಾಲ್ಟರ್ ವೆಬರ್ ಮತ್ತು ಫಾನ್ ಬ್ರೌನ್‌ಮ್ಯೂಲ್ ಕಿವಿಗೆ ಕೇಳಿಸದಷ್ಟು ಹೆಚ್ಚು ಆವರ್ತನದ ಎಸಿ ಸಿಗ್ನಲ್ಲನ್ನ ದನಿಯ ಜೊತೆ ಬೆರೆಸಿ ಕೊಟ್ಟರು. ಆಗ ದನಿ ಕರ್ವಿನ ನೆಟ್ಟಗಿನ ಭಾಗದ ಮೇಲೆ ಕೂತ ಹಾಗಾಗುತ್ತೆ, ಸದ್ದು ಇಳಿಯುತ್ತೆ. ಎಸಿ ಬಯಾಸ್ ಅನ್ನೋದು ಇದೇ. ಮುಂದೆ ನಮ್ಮ ಮನೆಗಳ ಕ್ಯಾಸೆಟ್ ಪ್ಲೇಯರ್‌ಗಳವರೆಗೂ ಬಂತು. ಟೇಪಿನ ವೇಗ ಸೆಕೆಂಡಿಗೆ 77 ಸೆಂಟಿಮೀಟರು. ಸಾವಿರ ಮೀಟರಿನ ರೀಲು ಹಾಕಿದರೆ ಸುಮಾರು 21 ನಿಮಿಷ, ಡಿಸ್ಕಿಗಿಂತ ಹೆಚ್ಚು.

1947ರಲ್ಲಿ ಕ್ರಾಸ್ಬಿಯ ಕಾರ್ಯಕ್ರಮದ ತಂತ್ರಜ್ಞ ಮರ್ಡೊ ಮೆಕೆಂಜಿಗೆ ಈ ಯಂತ್ರ ಗೊತ್ತಾಯಿತು. ಆಗಸ್ಟಿನಲ್ಲಿ ಮಲ್ಲಿನ್‌ನನ್ನ ಕರೆಸಿ ಡಿಸ್ಕಿನ ಜೊತೆಗೇ ಟೇಪನ್ನೂ ಓಡಿಸಿ ನೋಡಿದರು. ಕಿವಿಗೆ ತೀರ್ಮಾನ ತಕ್ಷಣ ಗೊತ್ತಾಯಿತು. 1947ರ ಅಕ್ಟೋಬರ್ 1ರ ಕಾರ್ಯಕ್ರಮ ಟೇಪಿನಿಂದ ತಯಾರಾಗಿ ಹೋಯಿತು. ನಾವು ಈ ಕಥೆಯಲ್ಲಿ ಬಹಳ ಮೆಚ್ಚಿದ್ದು ಆ ಮೊದಲ ತಿಂಗಳುಗಳನ್ನ. ಇಡೀ ಅಮೆರಿಕದ ಅತಿ ದೊಡ್ಡ ರೇಡಿಯೋ ತಾರೆಯ ಕಾರ್ಯಕ್ರಮ ಎರಡು ಜರ್ಮನ್ ಯಂತ್ರ, 50 ರೀಲಿನ ಮೇಲೆ ನಿಂತಿತ್ತು. ಕೆಟ್ಟರೆ ಸ್ಪೇರ್ ಇಲ್ಲ, ಟೇಪು ಮುಗಿದರೆ ಅಂಗಡಿಯಲ್ಲಿ ಸಿಗಲ್ಲ. ಮಲ್ಲಿನ್ ಕತ್ತರಿಯಲ್ಲಿ ಟೇಪು ಕತ್ತರಿಸಿ, ಅಂಟಿಸಿ, ಕತ್ತರಿಸಿ ಬಿಟ್ಟ ಚೂರುಗಳನ್ನೂ ಎಸೆಯದೆ ಜೋಡಿಸಿ ಮತ್ತೆ ಬಳಸುತ್ತಿದ್ದ. ಟೇಪು ಗಾಳಿಯಲ್ಲಿರುವಾಗ ತುಂಡಾದರೆ ಏನು ಗತಿ ಅನ್ನೋ ಭಯಕ್ಕೆ, ತಿದ್ದಿದ ಟೇಪನ್ನ ಕೊನೆಗೆ ಡಿಸ್ಕಿಗೆ ನಕಲು ಮಾಡಿ, ಡಿಸ್ಕಿನಿಂದಲೇ ಪ್ರಸಾರ ಮಾಡುತ್ತಿದ್ದರು.

ಕತ್ತರಿ ಕೈಗೆ ಬಂದದ್ದೇ ರೇಡಿಯೋದ ಸ್ವಭಾವ ಬದಲಾಯಿತು. ಹಾಡು ಒಂದು ದಿನದ್ದು, ಮಾತು ಇನ್ನೊಂದು ದಿನದ್ದು ಆಗಬಹುದು. ತಪ್ಪಿದರೆ ಚಿಂತೆಯಿಲ್ಲದ ಕಾರಣ ಕ್ರಾಸ್ಬಿ ಹೆಚ್ಚು ಸಲೀಸಾಗಿ ಹರಟುತ್ತಿದ್ದ. ಹಾಸ್ಯಗಾರ ಬಾಬ್ ಬರ್ನ್ಸ್ ಒಮ್ಮೆ ಪ್ರಸಾರ ಮಾಡಲಾಗದಂಥ ಪೋಲಿ ಜೋಕುಗಳನ್ನ ಹೇಳಿ ಜನರನ್ನ ವಿಪರೀತ ನಗಿಸಿದ. ಜೋಕು ಕತ್ತರಿಸಿ ಬಿಸಾಕಿದರು, ನಗುವನ್ನ ಎತ್ತಿಟ್ಟುಕೊಂಡರು. ಮುಂದೆ ಇನ್ಯಾರದೋ ಸಪ್ಪೆ ಜೋಕಿನ ಕೊನೆಗೆ ಅದನ್ನ ಅಂಟಿಸಿದರು. ಇವತ್ತು ಕಾಮಿಡಿ ಶೋಗಳಲ್ಲಿ ಯಾಕೆ ನಗುತ್ತಾರೋ ಗೊತ್ತಾಗದ ನಗು ಕೇಳಿಸುತ್ತಲ್ಲ, ಅದರ ಅಜ್ಜ ಇದು. ಲೈವ್ ರೇಡಿಯೋದಲ್ಲಿದ್ದ ಎದೆಬಡಿತ ಇಲ್ಲಿಂದ ಹೋಯಿತು ಅನ್ನೋ ಮಾತನ್ನೂ ನಾವು ತಳ್ಳಿಹಾಕಲ್ಲ. ಎರಡನೇ ಆಟಕ್ಕೆ ಸಿಗುತ್ತಿದ್ದ ಕೂಲಿ ವಾದ್ಯದವರಿಗೆ ತಪ್ಪಿಹೋಗೋ ದಾರಿಯೂ ಇಲ್ಲೇ ತೆರೆಯಿತು.

ಯಂತ್ರ ಬೇಕಿತ್ತು, ಅಮೆರಿಕದಲ್ಲಿ ಮಾಡೋರು ಇರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಕಾರ್ಲೋಸ್‌ನಲ್ಲಿ ಅಲೆಕ್ಸಾಂಡರ್ ಪೊನಿಯಾಟಾಫ್ ಅನ್ನೋ ರಷ್ಯಾ ಮೂಲದ ಎಂಜಿನಿಯರ್ ಕಟ್ಟಿದ ಆಂಪೆಕ್ಸ್ ಅನ್ನೋ ಪುಟ್ಟ ಕಂಪನಿ ಇತ್ತು. ಯುದ್ಧದಲ್ಲಿ ರೇಡಾರ್ ಮೋಟಾರು ಮಾಡುತ್ತಿದ್ದವರು, ಯುದ್ಧ ಮುಗಿದು ಕೆಲಸವಿಲ್ಲದೆ ಕೂತಿದ್ದರು. ಮಲ್ಲಿನ್‌ನ ಯಂತ್ರ ನೋಡಿ ತಮ್ಮದೊಂದು ಮಾಡಿದರು, ತಯಾರಿಕೆಗೆ ದುಡ್ಡಿಲ್ಲ. ಕ್ರಾಸ್ಬಿ 50,000 ಡಾಲರಿನ ಚೆಕ್ಕು ಮುಂಗಡವಾಗಿ ಅಂಚೆಯಲ್ಲಿ ಕಳಿಸಿದ. 1948ರ ಏಪ್ರಿಲ್‌ನಲ್ಲಿ ಆಂಪೆಕ್ಸ್ 200 ಯಂತ್ರಗಳು ಬಂದವು. ಎಬಿಸಿ ಅವನ್ನ ಮೊದಲು ಕೂರಿಸಿದ್ದು ಗಡಿಯಾರದ ಕೆಲಸಕ್ಕೇ. ಆಗ ಬೇಸಿಗೆಯಲ್ಲಿ ಕೆಲವು ಊರುಗಳು ಗಡಿಯಾರ ಒಂದು ಗಂಟೆ ಮುಂದಿಡುತ್ತಿದ್ದವು, ಕೆಲವು ಇಡುತ್ತಿರಲಿಲ್ಲ. ಬರೋ ಕಾರ್ಯಕ್ರಮವನ್ನ ಟೇಪಿಗೆ ಹಿಡಿದು, ಆಯಾ ಊರಿನ ಹೊತ್ತಿಗೆ ಬಿಡೋದು. ಒಂದು ಖಂಡದ ವಾದ್ಯವೃಂದಗಳು ರಾತ್ರಿಗೆರಡು ಸಲ ಮಾಡುತ್ತಿದ್ದದ್ದನ್ನ ಒಂದು ತಿರುಗೋ ರೀಲು ಮಾಡತೊಡಗಿತು.

ನಮ್ಮ ಕಡೆಗೂ ಈ ರೀಲು ಬಂತು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯಿಂದ ಸವಳಂಗ, ಹೊನ್ನಾಳಿ, ನ್ಯಾಮತಿಯ ಮನೆಗಳಿಗೆ ಕೇಳಿಸಿದ ಎಷ್ಟೋ ನಾಟಕ, ಕೃಷಿ ಮಾತು, ಜನಪದ ಹಾಡು ಸ್ಪೂಲ್ ಟೇಪಿನಿಂದಲೇ ಬಂದವು. ಹಗಲು ಹಾಡಿ ಹೋದ ಹೆಣ್ಣುಮಗಳು ತನ್ನದೇ ಹಾಡನ್ನ ಸಂಜೆ ಮನೆಯಲ್ಲಿ ಕೂತು ಕೇಳೋದು ಸಾಧ್ಯವಾಯಿತು.

ಕ್ರಾಸ್ಬಿ ಟೇಪಿನಿಂದ ಗೆದ್ದುಕೊಂಡ ಸಮಯ ಎಲ್ಲಿಗೆ ಹೋಯಿತು? ಬಹುಪಾಲು ಗಾಲ್ಫಿಗೆ, ಮೀನು ಹಿಡಿಯೋಕೆ, ಬೇಟೆಗೆ. ಮನೆಯ ಕಥೆ ಅಷ್ಟು ಚೆನ್ನಾಗಿಲ್ಲ. ಮೊದಲ ಹೆಂಡತಿ ಡಿಕ್ಸಿ ಲೀ 1952ರಲ್ಲಿ ತೀರಿಕೊಂಡಳು. ರೇಡಿಯೋದಲ್ಲಿ ಅಷ್ಟು ಮೆತ್ತಗೆ ಮಾತಾಡುತ್ತಿದ್ದ ಅಪ್ಪ ಮನೆಯಲ್ಲಿ ಬೆಲ್ಟು ಹಿಡಿಯುತ್ತಿದ್ದ ಅಂತ ಹಿರಿಯ ಮಗ ಗ್ಯಾರಿ 1983ರಲ್ಲಿ ಪುಸ್ತಕ ಬರೆದ. ಒಬ್ಬ ತಮ್ಮ ಅದನ್ನ ಒಪ್ಪಲಿಲ್ಲ. ಮೈಕಿನ ದನಿ ಕೇಳಿ ಮನುಷ್ಯನನ್ನ ಅಳೆಯೋದು ಕಷ್ಟ.

ದನಿ ಆದ ಮೇಲೆ ಚಿತ್ರ. ಮಲ್ಲಿನ್ ಮತ್ತು ಜೊತೆಗಾರ ವೇಯ್ನ್ ಜಾನ್ಸನ್ ಕ್ರಾಸ್ಬಿಯ ದುಡ್ಡಿನಲ್ಲೇ ಟೇಪಿನ ಮೇಲೆ ಟೀವಿ ಚಿತ್ರ ಹಿಡಿಯೋಕೆ ಹೊರಟರು. 1951ರ ನವೆಂಬರ್ 11ರಂದು ತೋರಿಸಿದಾಗ ಕಂಡದ್ದು ಮಸುಕು ಮಸುಕಾದ ಆಕೃತಿಗಳು. ಓಟ ಗೆದ್ದದ್ದು ಆಂಪೆಕ್ಸ್‌ನವರೇ. ಚಾರ್ಲ್ಸ್ ಗಿನ್ಸ್‌ಬರ್ಗ್‌ನ ತಂಡ, ಅದರಲ್ಲಿ ರೇ ಡಾಲ್ಬಿ ಅನ್ನೋ ವಿದ್ಯಾರ್ಥಿಯೂ ಇದ್ದ (ಥಿಯೇಟರಿನಲ್ಲಿ ಓದುತ್ತೀವಲ್ಲ, ಅದೇ ಡಾಲ್ಬಿ), ಟೇಪನ್ನ ವೇಗವಾಗಿ ಓಡಿಸೋ ಬದಲು ಹೆಡ್‌ಗಳನ್ನೇ ಗಿರಗಿರ ತಿರುಗಿಸಿದರು. 1956ರ ಏಪ್ರಿಲ್ 14ರಂದು ಷಿಕಾಗೋದಲ್ಲಿ ವಿಡಿಯೋ ಟೇಪ್ ಯಂತ್ರ ತೋರಿಸಿದಾಗ ಟೀವಿಯವರು ಮುಗಿಬಿದ್ದರು. ಅದೇ ವರ್ಷದ ನವೆಂಬರ್ 30ರಂದು ಸಿಬಿಎಸ್ ನ್ಯೂಯಾರ್ಕಿನಿಂದ ಬಂದ ಡಗ್ಲಸ್ ಎಡ್ವರ್ಡ್ಸ್‌ನ ವಾರ್ತೆಯನ್ನ ಹಾಲಿವುಡ್‌ನಲ್ಲಿ ಹಿಡಿದಿಟ್ಟು, ಮೂರು ಗಂಟೆ ತಡೆದು ಪಶ್ಚಿಮಕ್ಕೆ ಬಿಟ್ಟಿತು. ವಿಡಿಯೋ ಟೇಪಿನ ಮೊದಲ ಪ್ರಸಾರವೂ ಕಾಲವಲಯಕ್ಕೋಸ್ಕರವೇ.

1977ರ ಸೆಪ್ಟೆಂಬರ್‌ನಲ್ಲಿ ಕ್ರಾಸ್ಬಿ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮವೊಂದನ್ನ ಟೇಪಿಗೆ ಹಾಡಿದ. ಜೊತೆಗೆ ಹಾಡಿದವನು ಅವನಿಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಚಿಕ್ಕವನಾದ ಡೇವಿಡ್ ಬೋವಿ. ಅಕ್ಟೋಬರ್ 14ರಂದು ಸ್ಪೇನಿನ ಮ್ಯಾಡ್ರಿಡ್ ಹತ್ತಿರ ಹದಿನೆಂಟು ಕುಳಿಯ ಗಾಲ್ಫ್ ಆಟ ಮುಗಿಸಿ ವಾಪಸ್ ನಡೆಯುತ್ತಿದ್ದವನು ಹೃದಯಾಘಾತದಿಂದ ಕುಸಿದ. ಆಗ 74 ವರ್ಷ. ಟೇಪಿನಲ್ಲಿದ್ದ ಕಾರ್ಯಕ್ರಮವನ್ನ ಸಿಬಿಎಸ್ ನವೆಂಬರ್ 30ರಂದು ತೋರಿಸಿತು, ಎಡ್ವರ್ಡ್ಸ್‌ನ ವಾರ್ತೆಯನ್ನ ಮೂರು ಗಂಟೆ ತಡೆದ ದಿನಕ್ಕೆ ಸರಿಯಾಗಿ 21 ವರ್ಷವಾದ ದಿನ.